ಮೆಲಟೋನಿನ್ 3 ಮಿಲಿಗ್ರಾಂ ಮಾತ್ರೆ: ಹತ್ತು ತಿಂಗಳು ಕೊಟ್ಟ ಮೇಲೆ, ನಿದ್ದೆಯ ಬಗ್ಗೆಯೂ ಕಣ್ಣಿನ ಬಗ್ಗೆಯೂ

ಇವರಿಗೆ, ಅಂದರೆ ನನ್ನ ಯಜಮಾನರಿಗೆ, ಪಾರ್ಕಿನ್ಸನ್ ಅನ್ನುವ ನಡುಕದ ಕಾಯಿಲೆ ಅಂತ ಗೊತ್ತಾಗಿ ಆರು ವರ್ಷವಾಯಿತು. ರಾತ್ರಿ ಮಲಗುವ ಮೊದಲು ಮೆಲಟೋನಿನ್ ಅನ್ನುವ ನಿದ್ದೆಯ ಹಾರ್ಮೋನಿನ ಮಾತ್ರೆ ಕೊಡಲು ಶುರು ಮಾಡಿ ಹತ್ತು ತಿಂಗಳು. "ಅದು ಕಣ್ಣಿಗೆ ಭಾರಿ ಒಳ್ಳೆಯದಂತೆ" ಅಂದವರೂ ಇದ್ದಾರೆ. "ಅಯ್ಯೋ ಟೀಚರೇ, ಅದು ಕಣ್ಣೇ ತೆಗೆಯುತ್ತದಂತೆ" ಅಂದವರೂ ಇದ್ದಾರೆ. ನಾನು ಎರಡನ್ನೂ ಸುಮ್ನೆ ಕೇಳಿ ಬಿಡಲಿಲ್ಲ. ಮಾತ್ರೆ ಶುರು ಮಾಡುವ ಮೊದಲು ಒಮ್ಮೆ, ಆರು ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಇವರ ಕಣ್ಣು ಪರೀಕ್ಷೆ ಮಾಡಿಸಿದೆ. ಇದೇ ಗೊಂದಲದಲ್ಲಿ ಇರುವವರು ನಮ್ಮ ಕಡೆ ಇನ್ನೂ ಇರಬಹುದು ಅಂತ ಬರೆಯುತ್ತಿದ್ದೇನೆ.

ನಾವಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಇವರದ್ದು ಅಡಿಕೆ ತೋಟ. ನಾನು ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದೆ. ಡಾಕ್ಟರಿಗೆ ತೋರಿಸಲು ಮಂಗಳೂರಿಗೇ ಹೋಗಬೇಕು. ಕುಂಬಳೆ ದಾಟಿ, ತಲಪಾಡಿ ದಾಟಿ, ಬಸ್ಸಿನಲ್ಲಿ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ. ಹಾಗಾಗಿ ಹೋದಾಗ ಕೇಳಬೇಕಾದ್ದನ್ನೆಲ್ಲ ನಾನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತೇನೆ. ಈ ಬರಹದ ಹೆಚ್ಚಿನ ವಿಷಯ ಆ ಪುಸ್ತಕದ್ದೇ.

ಮೊದಲು ಈ ಮಾತ್ರೆ ಯಾಕೆ ಬೇಕಾಯಿತು ಅಂತ ಹೇಳುತ್ತೇನೆ. ನಿದ್ದೆ ಬರುವುದಿಲ್ಲ ಅಂತ ಅಲ್ಲ. ಇವರಿಗೆ ನಿದ್ದೆ ಬರುತ್ತಿತ್ತು. ಆದರೆ ನಿದ್ದೆಯಲ್ಲಿ ಹೊಡೆದಾಟ ಆಗುತ್ತಿತ್ತು. ರಾತ್ರಿ ಎರಡು, ಮೂರು ಗಂಟೆಗೆ "ಹೋ! ಹೋ! ಅಲ್ಲಿ ಉಂಟು, ಅಲ್ಲಿ ಉಂಟು!" ಅಂತ ಕೂಗು. ಕಾಲಿನಿಂದ ಒದೆ. ಕನಸಿನಲ್ಲಿ ತೋಟಕ್ಕೆ ನುಗ್ಗಿದ ಕಾಡುಹಂದಿ ಓಡಿಸುತ್ತಿದ್ದರಂತೆ. ಎಬ್ಬಿಸಿದರೆ ಕನಸನ್ನು ಪೂರ್ತಿ ಹೇಳುತ್ತಿದ್ದರು. ಹಗಲಿನಲ್ಲಿ ಲೋಟ ಎತ್ತಲು ನಡುಗುವ ಕೈ, ಕನಸಿನಲ್ಲಿ ಬೀಸಿದರೆ ಅಷ್ಟು ಬಲ! ಒಂದು ರಾತ್ರಿ ಆ ಕೈ ನನ್ನ ಕೆನ್ನೆಯ ಮೂಳೆಗೆ ಬಿತ್ತು. ಬೆಳಿಗ್ಗೆ ಊದಿಕೊಂಡ ಕೆನ್ನೆ ನೋಡಿ "ಎಂತಾಯ್ತು ನಿನಗೆ?" ಅಂತ ಕೇಳಿದರು. ನಾನು ಬಾಗಿಲು ತಾಗಿತು ಅಂದೆ. ಆಮೇಲೆ ನಿಜ ಗೊತ್ತಾದಾಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಚಾವಡಿಯಲ್ಲಿ ಬೇರೆ ಮಲಗುತ್ತೇನೆ ಅಂತ ಹಟ ಮಾಡಿದರು. ಬೇರೆ ಮಲಗಿ ಮಂಚದಿಂದ ಬಿದ್ದರೆ ಯಾರು ನೋಡುವುದು?

ಡಾಕ್ಟರು ಇದಕ್ಕೊಂದು ಹೆಸರು ಹೇಳಿದರು: ಆರ್‌ಇಎಂ ನಿದ್ದೆಯ, ಅಂದರೆ ಕನಸು ಬೀಳುವ ಹೊತ್ತಿನ ನಿದ್ದೆಯ, ನಡವಳಿಕೆ ದೋಷ. ನಾವೆಲ್ಲ ಕನಸು ಕಾಣುವಾಗ ಮಿದುಳು ಕೈಕಾಲಿನ ಸ್ನಾಯುಗಳನ್ನು ಸಡಿಲ ಮಾಡಿ ಇಡುತ್ತದೆ. ಓಡುವ ಕನಸು ಬಿದ್ದರೂ ನಾವು ಎದ್ದು ಓಡುವುದಿಲ್ಲ. ಪಾರ್ಕಿನ್ಸನ್ ಇರುವ ಬಹಳ ಜನರಲ್ಲಿ ಈ ವ್ಯವಸ್ಥೆ ಕೆಡುತ್ತದೆ. ಕೆಲವರಲ್ಲಿ ನಡುಕ ಶುರುವಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಕೆಟ್ಟಿರುತ್ತದೆ. ಅದನ್ನು ಕೇಳಿದಾಗ ನನಗೆ ನೆನಪಾಯಿತು. ಮಗಳ ಮದುವೆಯ ವರ್ಷವೇ ಇವರು ನಿದ್ದೆಯಲ್ಲಿ ಕೂಗುತ್ತಿದ್ದರು. ನಾವು ಮದುವೆ ಓಡಾಟದ ಆಯಾಸ ಅಂದುಕೊಂಡಿದ್ದೆವು.

ಇದಕ್ಕೆ ಹಳೆಯ ಮದ್ದು ಕ್ಲೋನಜೆಪಾಮ್. ಆದರೆ ಅದು ಬೆಳಿಗ್ಗೆಯೂ ಮಂಕು ಉಳಿಸುತ್ತದೆ, ನಡಿಗೆ ತಪ್ಪಿಸುತ್ತದೆ. ಇವರು ಮೊದಲೇ ಹೊಸ್ತಿಲು ದಾಟುವಾಗ ಕಾಲು ಅಂಟಿದ ಹಾಗೆ ನಿಲ್ಲುವವರು. ಬಿದ್ದರೆ ಕಷ್ಟ ಅಂತ ಡಾಕ್ಟರು ಮೊದಲು ಮೆಲಟೋನಿನ್ 3 ಮಿಲಿಗ್ರಾಂ ಬರೆದರು. ಅಗತ್ಯ ಬಿದ್ದರೆ ಮಾತ್ರ ಸ್ವಲ್ಪ ಸ್ವಲ್ಪ ಹೆಚ್ಚಿಸುವಾ ಅಂದರು.

ಆ ವಾರವೇ ನಾದಿನಿಯ ಮಗ ಫೋನ್ ಮಾಡಿದ. "ಅತ್ತೆ, ಮಾವನಿಗೆ ಅದು ಕೊಡಬೇಡಿ. ರೆಟಿನಾ ಹಾಳಾಗುತ್ತದೆ ಅಂತ ಓದಿದೆ." ರೆಟಿನಾ ಅಂದರೆ ಕಣ್ಣಿನ ಹಿಂದಿನ ಪರದೆ. ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ಇವರ ಕಣ್ಣು ಅಷ್ಟರಲ್ಲೇ ತೊಂದರೆ ಕೊಡಲು ಶುರು ಮಾಡಿತ್ತು.

ಅದು ನನಗೆ ತಿಳಿದದ್ದು ಅಡಿಕೆಯಿಂದ. ಸುಲಿದ ಚಾಲಿ ಅಡಿಕೆಯನ್ನು ಚಾವಡಿಯಲ್ಲಿ ಹರವಿ ಒಳ್ಳೆಯದು ಬೇರೆ, ಕೆಳದರ್ಜೆಯ ಪಟೋರ ಬೇರೆ, ಉಳ್ಳಿ ಬೇರೆ, ಕಪ್ಪಾಗಿ ಹಾಳಾದ ಕರಿಗೋಟು ಬೇರೆ ಅಂತ ಹೆಕ್ಕುವುದು ಇವರ ಕೆಲಸ. ನಲವತ್ತು ವರ್ಷ ಮಾಡಿದ ಕೆಲಸ. ಮಾತಾಡುತ್ತಾ ಮಾತಾಡುತ್ತಾ ಬೆರಳೇ ಬೇರೆ ಮಾಡುತ್ತಿತ್ತು. ಕಳೆದ ವರ್ಷ ಅಂಗಡಿಯವರು ಗೋಣಿ ಬಿಚ್ಚಿ "ಅಣ್ಣ, ಇದರಲ್ಲಿ ಕರಿಗೋಟು ಜಾಸ್ತಿ ಉಂಟಲ್ಲ" ಅಂದರು. ಇವರು ಮುಖ ತಗ್ಗಿಸಿದರು. ಮನೆಗೆ ಬಂದು ನಾನು ಕೈಯಲ್ಲಿ ಎರಡು ಅಡಿಕೆ ಹಿಡಿದು ತೋರಿಸಿದೆ. ಒಂದು ಬೂದು ಬಿಳಿ, ಒಂದು ಕಪ್ಪು ಕಂದು. ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಸರಿಯಾಗಿ ಹೇಳಿದರು. ಸಂಜೆ ಐದೂವರೆಗೆ ಚಾವಡಿಯ ಒಳಗೆ ಅದೇ ಎರಡು ಅಡಿಕೆ ತೋರಿಸಿದರೆ ತಿರುಗಿಸಿ ತಿರುಗಿಸಿ ನೋಡಿದರು. "ಎರಡೂ ಒಂದೇ ಅಲ್ವಾ?" ಅಂದರು.

ಕಣ್ಣಿನ ಡಾಕ್ಟರು ಇದನ್ನು ಕೇಳಿ ತಲೆಯಾಡಿಸಿದರು. ಪಾರ್ಕಿನ್ಸನ್‌ನಲ್ಲಿ ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಕಡಿಮೆಯಾಗುತ್ತದೆ ಅಂತ ನಮಗೆಲ್ಲ ಗೊತ್ತು. ಆದರೆ ಕಣ್ಣಿನ ಪರದೆಯಲ್ಲೂ ಡೋಪಮೈನ್ ಮಾಡುವ ಜೀವಕೋಶಗಳಿವೆ. ಅಲ್ಲೂ ಅದು ಕಡಿಮೆಯಾಗುತ್ತದೆ. ಆಗ ಬೋರ್ಡಿನ ದೊಡ್ಡ ಅಕ್ಷರ ಕಾಣುತ್ತದೆ, ಆದರೆ ಬಣ್ಣ ಬಣ್ಣದ ನಡುವಿನ, ನೆರಳು ಬೆಳಕಿನ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ಕನ್ನಡಕದ ಪವರ್ ಬದಲಿಸಿದರೆ ಇದು ಸರಿಯಾಗುವುದಿಲ್ಲ. ನಾವು ಎರಡು ಸಲ ಸುಮ್ನೆ ಕನ್ನಡಕ ಬದಲಿಸಿದ್ದೆವು.

ಈಗ ಮೆಲಟೋನಿನ್ ವಿಷಯ. ಇದು ಹೊರಗಿನ ವಸ್ತುವಲ್ಲ. ಕತ್ತಲಾದ ಮೇಲೆ ನಮ್ಮ ಮಿದುಳಿನ ಪೀನಿಯಲ್ ಗ್ರಂಥಿ ಇದನ್ನು ಮಾಡುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಏರನ್ ಲರ್ನರ್ ಅನ್ನುವ ವೈದ್ಯರು 1958 ರಲ್ಲಿ ಇದನ್ನು ಬೇರ್ಪಡಿಸಿ ಹೆಸರಿಟ್ಟರು. ಕಣ್ಣಿನ ಪರದೆಯೂ ಸ್ವಲ್ಪ ಮೆಲಟೋನಿನ್ ಮಾಡುತ್ತದೆ. ಪರದೆಯಲ್ಲಿ ಹಗಲಿನ ಪಾಳಿ ಡೋಪಮೈನ್‌ದು, ರಾತ್ರಿಯ ಪಾಳಿ ಮೆಲಟೋನಿನ್‌ದು. ಒಂದು ಏರಿದರೆ ಇನ್ನೊಂದು ತಗ್ಗುತ್ತದೆ. ಹೆದರಿಕೆಯ ಬೇರು ಇಲ್ಲೇ ಇರುವುದು. ಇವರ ಕಣ್ಣಿನಲ್ಲಿ ಡೋಪಮೈನ್ ಮೊದಲೇ ಕಡಿಮೆ. ಹೊರಗಿನಿಂದ ಮೆಲಟೋನಿನ್ ಬೇರೆ ಕೊಟ್ಟರೆ ತಕ್ಕಡಿ ಇನ್ನಷ್ಟು ವಾಲುವುದಿಲ್ವಾ? ಇದು ಮೂರ್ಖ ಪ್ರಶ್ನೆ ಅಲ್ಲ. ವಿಜ್ಞಾನಿಗಳೂ ಕೇಳಿದ ಪ್ರಶ್ನೆಯೇ.

ಮಗಳು ಬೆಂಗಳೂರಿನಲ್ಲಿ ಔಷಧ ಕಂಪನಿಯ ಕೆಲಸದಲ್ಲಿದ್ದಾಳೆ. ಅವಳು ಕೂತು ಹುಡುಕಿದಳು. ನಾದಿನಿಯ ಮಗ ಓದಿದ ಸುದ್ದಿಯ ಮೂಲದಲ್ಲಿ 1992 ರ ಒಂದು ಇಲಿ ಪ್ರಯೋಗ ಇತ್ತು. ಮೆಲಟೋನಿನ್ ಕೊಟ್ಟ ಇಲಿಗಳನ್ನು ಜೋರು ಬೆಳಕಿಗೆ ಒಡ್ಡಿದಾಗ ಬೆಳಕು ಹಿಡಿಯುವ ಜೀವಕೋಶಗಳಿಗೆ ಹಾನಿ ಹೆಚ್ಚಾಯಿತು. ಹಾಗಾದರೆ ಸುದ್ದಿ ಸುಳ್ಳಲ್ಲ. ಆದರೆ ಎರಡು ವಿಷಯ ನೋಡಬೇಕು. ಅದು ಇಲಿ. ಮತ್ತೆ, ಮೆಲಟೋನಿನ್ ಜೊತೆಗೆ ಜೋರು ಬೆಳಕು ಇತ್ತು. ರಾತ್ರಿ ಮಾತ್ರೆ ತೆಗೆದುಕೊಂಡು ಕತ್ತಲಲ್ಲಿ ಮಲಗುವ ಮನುಷ್ಯನ ಸ್ಥಿತಿ ಅದಲ್ಲ.

ಇನ್ನೊಂದು ಕಡೆಯ ಮಾತೂ ಇದೆ. 2024 ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಆಸ್ಪತ್ರೆ ದಾಖಲೆ ನೋಡಿದರು. ಎಲ್ಲ 50 ವರ್ಷ ದಾಟಿದವರು. ಮೆಲಟೋನಿನ್ ತೆಗೆದುಕೊಂಡವರಲ್ಲಿ, ವಯಸ್ಸಾದವರಿಗೆ ಬರುವ ಮ್ಯಾಕ್ಯುಲಾ (ಕಣ್ಣಿನ ಪರದೆಯ ನಡುಭಾಗ) ಸವೆತದ ಕಾಯಿಲೆ ಕಡಿಮೆ ಕಂಡಿತು. "ಕಣ್ಣಿಗೆ ಭಾರಿ ಒಳ್ಳೆಯದಂತೆ" ಅನ್ನುವವರ ಆಧಾರ ಇಂಥದ್ದು. ಮಗಳು ಒಂದು ಎಚ್ಚರಿಕೆ ಹೇಳಿದಳು. "ಅಮ್ಮಾ, ಅದು ದಾಖಲೆ ನೋಡಿದ್ದು, ಮಾತ್ರೆ ಕೊಟ್ಟು ಪರೀಕ್ಷೆ ಮಾಡಿದ್ದಲ್ಲ. ಮಾತ್ರೆ ತೆಗೆದುಕೊಳ್ಳುವವರು ಬೇರೆ ವಿಷಯದಲ್ಲೂ ಆರೋಗ್ಯ ಜಾಸ್ತಿ ನೋಡಿಕೊಳ್ಳುವವರು ಇರಬಹುದು. ಮತ್ತೆ ಅಪ್ಪನಿಗೆ ಇರುವುದು ಮ್ಯಾಕ್ಯುಲಾ ಕಾಯಿಲೆಯೂ ಅಲ್ಲ." ಎರಡು ಕಡೆಯ ಮಾತನ್ನೂ ಅವಳು ಹೀಗೆ ಬಿಡಿಸಿ ಹೇಳಿದ ಮೇಲೆ ನನಗೆ ಉಸಿರು ಬಂತು.

ಇದನ್ನೆಲ್ಲ ಬರೆದುಕೊಂಡು ಹೋಗಿ ನರರೋಗದ ಡಾಕ್ಟರ ಮುಂದೆ ಇಟ್ಟೆ. ಅವರು ಬೇಸರಪಡಲಿಲ್ಲ. "ಕಡಿಮೆ ಪ್ರಮಾಣ, ರಾತ್ರಿ ಮಾತ್ರ, ಕತ್ತಲಲ್ಲಿ. ಇದಕ್ಕೆ ಹೆದರಿ ಬಿಡಬೇಕಾದ್ದಿಲ್ಲ. ನಿಮಗೆ ಸಮಾಧಾನ ಆಗಬೇಕಾದರೆ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ, ಆರು ತಿಂಗಳು ಕಳೆದು ಪುನಃ ಮಾಡಿಸಿ" ಅಂದರು. ಅಷ್ಟೇ ಸಾಕಿತ್ತು ನನಗೆ.

ಕಣ್ಣಿನಲ್ಲಿ ನೋಡಿದ್ದು ಮೂರು. ಒತ್ತಡ. ಪರದೆಯ ಪದರಗಳ ಚಿತ್ರ, ಅದಕ್ಕೆ ಒಸಿಟಿ ಅನ್ನುತ್ತಾರೆ. ಮೂರನೆಯದು ಪೆಲ್ಲಿ-ರಾಬ್ಸನ್ ಚಾರ್ಟ್. ಇದು 1988 ರಲ್ಲಿ ಬಂದದ್ದು. ಇದರಲ್ಲಿ ಅಕ್ಷರಗಳು ಚಿಕ್ಕದಾಗುತ್ತಾ ಹೋಗುವುದಿಲ್ಲ. ಎಲ್ಲ ಒಂದೇ ಅಳತೆ. ಮೂರು ಮೂರು ಅಕ್ಷರಕ್ಕೆ ಒಮ್ಮೆ ಮಸಿ ತೆಳುವಾಗುತ್ತಾ ಕೊನೆಗೆ ಕಾಗದದ ಬಿಳಿಯಲ್ಲೇ ಕರಗಿ ಹೋಗುತ್ತದೆ. ಪಾರ್ಕಿನ್ಸನ್ ಇರುವವರಿಗೆ ಮಾಮೂಲಿ ಚಾರ್ಟಿಗಿಂತ ಇದು ಹೆಚ್ಚು ಹೇಳುತ್ತದೆ. ಇವರು ಅರ್ಧಕ್ಕೇ ನಿಂತರು. ಪಕ್ಕದಲ್ಲಿ ನಿಂತಿದ್ದ ನನಗೆ ಇನ್ನೂ ಮೂರು ಗುಂಪು ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು. ನಾವಿಬ್ಬರೂ ಒಂದೇ ಮನೆಯಲ್ಲಿ ಇದ್ದೂ ಬೇರೆ ಬೇರೆ ಲೋಕ ನೋಡುತ್ತಿದ್ದೇವೆ ಅಂತ ಅವತ್ತು ಅನಿಸಿತು.

ಆರು ತಿಂಗಳ ನಂತರ ಪುನಃ ಹೋದೆವು. ಒತ್ತಡ ಮೊದಲು 16, 17 ಇತ್ತು. ಈಗ 15, 16. ಅಷ್ಟು ವ್ಯತ್ಯಾಸ ದಿನದಿಂದ ದಿನಕ್ಕೆ ಯಾರಲ್ಲೂ ಇರುತ್ತದೆ, ಮಾತ್ರೆಗೆ ಅದರ ಹೆಸರು ಬೇಡ ಅಂದರು. ಒಸಿಟಿ ಚಿತ್ರದಲ್ಲಿ ಬದಲಾವಣೆ ಇಲ್ಲ. ಚಾರ್ಟಿನಲ್ಲಿ ಅದೇ ಗುಂಪಿಗೆ ನಿಂತರು. ಅಂದರೆ ಇವರ ಕಣ್ಣಿಗೆ ಈ ಮಾತ್ರೆಯಿಂದ ಕೆಟ್ಟದ್ದು ಆಗಿಲ್ಲ, ಒಳ್ಳೆಯದೂ ಆಗಿಲ್ಲ. ಒಬ್ಬರ ಕಣ್ಣು, ಆರು ತಿಂಗಳು. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ.

ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಧೈರ್ಯವಾಗಿ ಹೇಳುತ್ತೇನೆ. ಮೊದಲ ಎರಡು ವಾರ ಏನೂ ವ್ಯತ್ಯಾಸ ಇಲ್ಲ. ನಾನು ದಿನವೂ ನೋಟ್ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದೆ: ಕೂಗಿದರೆ ಒಂದು ಗೀಟು, ಕೈ ಬೀಸಿದರೆ ಎರಡು. ಮೊದಲ ವಾರ ಹದಿನೇಳು ಗೀಟು. ಡಾಕ್ಟರು 6 ಮಿಲಿಗ್ರಾಂಗೆ ಏರಿಸಿದರು. ಎರಡನೇ ತಿಂಗಳ ಕೊನೆಗೆ ವಾರಕ್ಕೆ ಐದು. ಈಗ ಎರಡು, ಮೂರು. ಹಂದಿ ಈಗಲೂ ಬರುತ್ತದೆ. ಇವರು ಗೊಣಗುತ್ತಾರೆ, ಮಗ್ಗುಲು ಬದಲಿಸುತ್ತಾರೆ. ಮಧ್ಯೆ ಅಡ್ಡ ಇಟ್ಟಿದ್ದ ದಿಂಬಿನ ಸಾಲು ಮೂರನೇ ತಿಂಗಳಿಗೆ ತೆಗೆದೆ.

ಎಲ್ಲರಿಗೂ ಹೀಗೇ ಆಗುತ್ತದೆ ಅಂತಿಲ್ಲ. ಆಸ್ಟ್ರೇಲಿಯಾದಲ್ಲಿ ಪಾರ್ಕಿನ್ಸನ್ ಇರುವ 30 ಜನರಲ್ಲಿ ನಿಧಾನ ಕರಗುವ 4 ಮಿಲಿಗ್ರಾಂ ಮಾತ್ರೆಯನ್ನು ಹುಸಿ ಮಾತ್ರೆಯ ಎದುರು ಪರೀಕ್ಷಿಸಿದರು. ಅದರ ಫಲಿತಾಂಶ 2020 ರಲ್ಲಿ ಬಂತು. ಈ ಹೊಡೆದಾಟದ ಕನಸಿಗೆ ಮೆಲಟೋನಿನ್ ಹುಸಿ ಮಾತ್ರೆಗಿಂತ ಹೆಚ್ಚು ಸಹಾಯ ಮಾಡಲಿಲ್ಲ. ಡಾಕ್ಟರು ಇದನ್ನೂ ನನ್ನಿಂದ ಮುಚ್ಚಿಡಲಿಲ್ಲ. "ಕೊಟ್ಟು ನೋಡುವಾ, ಆಗದಿದ್ದರೆ ನಿಲ್ಲಿಸುವಾ" ಅಂತಲೇ ಶುರು ಮಾಡಿದ್ದು. ಹಾಗಾಗಿ ಗೀಟು ಹಾಕಿ ಲೆಕ್ಕ ಇಡುವುದು ಒಳ್ಳೆಯದು. ಇಲ್ಲದಿದ್ದರೆ ನಮ್ಮ ಆಸೆಯೇ ನಮಗೆ ಮೋಸ ಮಾಡುತ್ತದೆ.

ಇನ್ನು ಕೊಳ್ಳುವ ವಿಷಯ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಮಗೆ ಪೆಟ್ಟು ಬಿದ್ದದ್ದು ಇಲ್ಲಿ.

ನಮ್ಮಲ್ಲಿ ಮೆಲಟೋನಿನ್ ಹೆಚ್ಚಾಗಿ ಔಷಧ ಅಂತ ಬರುವುದಿಲ್ಲ, ಆಹಾರ ಪೂರಕ ಅಂತ ಬರುತ್ತದೆ. ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರದ ಸುರಕ್ಷತೆ ನೋಡುವ ಸರಕಾರಿ ಸಂಸ್ಥೆ) ಗುರುತು, 14 ಅಂಕೆಯ ಲೈಸೆನ್ಸ್ ನಂಬರ್, ಹಸಿರು ಚುಕ್ಕೆ ಇರುತ್ತದೆ. ಉಪ್ಪಿನಕಾಯಿ ಬಾಟ್ಲಿಯ ಮೇಲೆ ಇರುವ ಹಾಗೆಯೇ. "ಔಷಧವಾಗಿ ಬಳಸಲು ಅಲ್ಲ" ಅಂತ ಇಂಗ್ಲಿಷಿನಲ್ಲಿ ಸಣ್ಣದಾಗಿ ಬರೆದಿರುತ್ತದೆ. ಹಾಗಾಗಿ ಯಾರು ಬೇಕಾದರೂ ಕೊಳ್ಳಬಹುದು, ಎಷ್ಟು ಬೇಕಾದರೂ ಕೊಳ್ಳಬಹುದು. ನನಗೆ ಇದು ಸರಿ ಕಾಣುವುದಿಲ್ಲ. ಯುರೋಪಿನಲ್ಲಿ 55 ದಾಟಿದವರ ನಿದ್ದೆಗೆ ನಿಧಾನ ಕರಗುವ 2 ಮಿಲಿಗ್ರಾಂ ಮಾತ್ರೆಯನ್ನು 2007 ರಲ್ಲಿ ಔಷಧವಾಗಿಯೇ ಒಪ್ಪಿದರು. ಅಲ್ಲಿ ಅಷ್ಟು ಜಾಗ್ರತೆ, ಇಲ್ಲಿ ಬಿಸ್ಕತ್ ತೆಗೆದುಕೊಂಡ ಹಾಗೆ.

ಆಹಾರ ಪೂರಕ ಅಂದಾಗ ಒಳಗೆ ಎಷ್ಟಿದೆ ಅನ್ನುವುದೂ ಪ್ರಶ್ನೆಯೇ. ಕೆನಡಾದಲ್ಲಿ ಅಂಗಡಿಯಿಂದ 31 ಬಗೆಯ ಮೆಲಟೋನಿನ್ ತಂದು ಅಳೆದು 2017 ರಲ್ಲಿ ಪ್ರಕಟಿಸಿದರು. ಒಂದರಲ್ಲಿ ಬರೆದದ್ದಕ್ಕಿಂತ 83 ಶೇಕಡಾ ಕಡಿಮೆ, ಇನ್ನೊಂದರಲ್ಲಿ 478 ಶೇಕಡಾ ಜಾಸ್ತಿ! 8 ರಲ್ಲಿ ಸೆರೊಟೋನಿನ್ ಅನ್ನುವ ಬೇರೆ ರಾಸಾಯನಿಕ ಕೂಡ ಸಿಕ್ಕಿತು, ಹೆಸರೇ ಬರೆಯದೆ. ಪಾರ್ಕಿನ್ಸನ್‌ಗೆ ರಸಜಿಲಿನ್, ಸೆಲಿಜಿಲಿನ್ ತೆಗೆದುಕೊಳ್ಳುವವರಿಗೆ ಸೆರೊಟೋನಿನ್ ವಿಷಯದಲ್ಲಿ ಜಾಗ್ರತೆ ಬೇಕು. ಇವರು ರಸಜಿಲಿನ್ ತೆಗೆದುಕೊಳ್ಳುತ್ತಾರೆ. ಹಾಗಾಗಿ ಬೆರಕೆಯ ಭಯ ನನಗೆ ಸುಮ್ನೆ ಭಯ ಅಲ್ಲ.

ನಮ್ಮ ಅನುಭವ ಹೀಗೆ. ಮಳೆಗಾಲದಲ್ಲಿ ಒಂದು ದಿನ ಮಾಮೂಲಿ ಅಂಗಡಿಯಲ್ಲಿ ಮಾತ್ರೆ ಮುಗಿದಿತ್ತು. ಬೇರೆ ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದೆ. ಹುಡುಗ ಸ್ಟ್ರಿಪ್ ಕೊಟ್ಟು "ಇದೂ ಅದೇ ಟೀಚರೇ, ಕಂಪನಿ ಬೇರೆ ಅಷ್ಟೆ" ಅಂದ. ಮಳೆ, ಕೊಡೆ, ಬಸ್ಸಿನ ಗಡಿಬಿಡಿ. ನಾನು ಓದಲಿಲ್ಲ. ರಾತ್ರಿ ಎಂದಿನ ಹಾಗೆ ಎರಡು ಕೊಟ್ಟೆ. ಬೆಳಿಗ್ಗೆ ಏಳಕ್ಕೆ ಏಳಬೇಕಾದವರು ಒಂಬತ್ತಾದರೂ ಕಣ್ಣು ಬಿಡುತ್ತಿಲ್ಲ. ಎಬ್ಬಿಸಿ ಕೂರಿಸಿದರೆ ತಲೆ ಜೋಲುತ್ತಿದೆ. ಬಚ್ಚಲಿಗೆ ಹೋಗುವಾಗ ಎರಡು ಸಲ ಗೋಡೆಗೆ ಒರಗಿದರು. ಆಗ ಸ್ಟ್ರಿಪ್ ನೋಡಿದೆ. 10 ಮಿಲಿಗ್ರಾಂ! ಎರಡು ಕೊಟ್ಟರೆ 20. ಬೆಳಗಿನ ಪಾರ್ಕಿನ್ಸನ್ ಮಾತ್ರೆಯ ಹೊತ್ತೂ ತಪ್ಪಿತು, ಮಧ್ಯಾಹ್ನದವರೆಗೆ ಇವರ ಕೈಕಾಲು ಬಿಗಿದೇ ಇತ್ತು. ಆ ದಿನದ ಭಯ ನನಗೆ ಇನ್ನೂ ಹೋಗಿಲ್ಲ.

ಅವತ್ತಿನಿಂದ ಹೊಸ ಸ್ಟ್ರಿಪ್ ಬಂದ ಕೂಡಲೇ ಕನ್ನಡಕ ಹಾಕಿ ಓದಿ, ಹಿಂದೆ ಮಾರ್ಕರ್ ಪೆನ್ನಿನಲ್ಲಿ ಕನ್ನಡದಲ್ಲಿ "ರಾತ್ರಿ 9, ಎರಡು" ಅಂತ ಬರೆಯುತ್ತೇನೆ. ನಮ್ಮ ಕಡೆ ಸ್ಟ್ರಿಪ್‌ನಲ್ಲಿ ಇಂಗ್ಲಿಷ್, ಆಸ್ಪತ್ರೆ ಚೀಟಿಯಲ್ಲಿ ಮಲಯಾಳ. ಕನ್ನಡ ಮಾತ್ರ ಓದುವ ವಯಸ್ಸಾದವರು ಎಷ್ಟು ಮನೆಗಳಲ್ಲಿ ಒಬ್ಬರೇ ಇದ್ದಾರೆ! ಅವರು ಏನು ಮಾಡುತ್ತಾರೆ ಅಂತ ಯೋಚಿಸಿದರೆ ಸಂಕಟವಾಗುತ್ತದೆ.

ಬ್ರ್ಯಾಂಡ್ ಯಾವುದು ಅಂತ ಕೇಳಬೇಡಿ. ನಾನು ಹೇಳುವುದು ಇಷ್ಟೇ. ಒಂದು ಹಿಡಿದರೆ ಅದನ್ನೇ ಮುಂದುವರಿಸಿ. 3 ಮಿಲಿಗ್ರಾಂನದ್ದೇ ತನ್ನಿ, ಹೆಚ್ಚು ಬೇಕಾದರೆ ಎರಡು ಕೊಡಬಹುದು. ಗಿಡಮೂಲಿಕೆ, ವಿಟಮಿನ್ ಬೆರೆಸಿದ್ದು ಬೇಡ. ಅಳಿಯ ದುಬೈಯಿಂದ ತಂದ ಬಾಟ್ಲಿಯಲ್ಲಿ ಚೀಪುವ ಜೆಲ್ಲಿ ಇತ್ತು. ಪ್ರೀತಿಯಿಂದ ತಂದದ್ದು. ಆದರೆ ಅದರಲ್ಲಿ ಸಕ್ಕರೆ, ಬಣ್ಣ, ಮತ್ತೆ ಏನೇನೋ ಸೊಪ್ಪಿನ ಸಾರ. ಕೊಡಲಿಲ್ಲ. ನಾನು ಕೊಳ್ಳುವ ಹತ್ತು ಮಾತ್ರೆಯ ಸ್ಟ್ರಿಪ್‌ಗೆ ನೂರು ರೂಪಾಯಿಯ ಒಳಗೆ. ಕಹಿ ಇಲ್ಲ, ಚಿಕ್ಕದು, ನುಂಗಲು ಸುಲಭ. ನುಂಗುವ ತೊಂದರೆ ಇರುವವರಿಗೆ ಇದು ದೊಡ್ಡ ವಿಷಯ. ಎರಡೂ ಬದಿ ಅಲ್ಯುಮಿನಿಯಂ ಇರುವ ಸ್ಟ್ರಿಪ್ ಆದ್ದರಿಂದ ನಮ್ಮ ಮಳೆಗಾಲದ ತೇವಕ್ಕೂ ಮಾತ್ರೆ ಮೆತ್ತಗಾಗಲಿಲ್ಲ. ರಕ್ತ ತೆಳು ಮಾಡುವ ಮಾತ್ರೆ, ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ಖಿನ್ನತೆಗೆ ಕೊಡುವ ಫ್ಲುವೊಕ್ಸಮಿನ್ ಜೊತೆಗಂತೂ ಬೇಡವೇ ಬೇಡ, ಅದು ಮೆಲಟೋನಿನನ್ನು ರಕ್ತದಲ್ಲಿ ಬಹಳ ಏರಿಸುತ್ತದೆ.

ಅಂಕ ಕೊಡುವುದು ನನ್ನ ಹಳೆಯ ಅಭ್ಯಾಸ. ನಿದ್ದೆಗೆ ಹತ್ತರಲ್ಲಿ ಎಂಟು. ಕಣ್ಣಿಗೆ ಅಂತ ಈ ಮಾತ್ರೆ ಕೊಳ್ಳುವವರಿದ್ದರೆ, ಕೊಳ್ಳಬೇಡಿ. ಆ ದುಡ್ಡನ್ನು ಕಣ್ಣಿಗೆ ನಿಜವಾಗಿ ಸಹಾಯ ಮಾಡುವುದಕ್ಕೆ ಹಾಕಿ. ನಮಗೆ ಸಹಾಯ ಮಾಡಿದ್ದು ಯಾವುದು ಅಂತ ಹೇಳುತ್ತೇನೆ.

ಒಂದು, ಕಣ್ಣಿನ ಹನಿ. ಇವರ ಕಣ್ಣಿನಿಂದ ಯಾವಾಗಲೂ ನೀರು. ಟವೆಲಿನ ತುದಿಯಿಂದ ಒರೆಸಿ ಒರೆಸಿ ರೆಪ್ಪೆ ಕೆಂಪಾಗಿತ್ತು. ಡಾಕ್ಟರು ಕಣ್ಣು ಒಣಗಿದೆ ಅಂದಾಗ ನನಗೆ ಅರ್ಥವೇ ಆಗಲಿಲ್ಲ. ನೀರು ಸುರಿಯುವ ಕಣ್ಣು ಒಣಗುವುದು ಹೇಗೆ? ಅವರು ಹೇಳಿದರು: "ಇವರು ಎಷ್ಟು ಸಲ ರೆಪ್ಪೆ ಬಡಿಯುತ್ತಾರೆ ಅಂತ ಮನೆಗೆ ಹೋಗಿ ಎಣಿಸಿ." ಅವತ್ತು ರಾತ್ರಿ ಟೀವಿಯಲ್ಲಿ ಯಕ್ಷಗಾನ ನೋಡುತ್ತಾ ಕೂತಿದ್ದಾಗ ಗಡಿಯಾರ ಹಿಡಿದು ಎಣಿಸಿದೆ. ಒಂದು ನಿಮಿಷಕ್ಕೆ ನಾಲ್ಕು. ಇನ್ನೊಂದು ನಿಮಿಷಕ್ಕೆ ಮೂರು. ನಾವೆಲ್ಲ ನಿಮಿಷಕ್ಕೆ ಹದಿನೈದು, ಇಪ್ಪತ್ತು ಸಲ ಬಡಿಯುತ್ತೇವೆ. ಮುಖದ ಸ್ನಾಯು ನಿಧಾನವಾದ ಹಾಗೆ ರೆಪ್ಪೆಯೂ ನಿಧಾನ. ರೆಪ್ಪೆ ಬಡಿಯದೆ ಕಣ್ಣಿನ ಮೇಲಿನ ತೆಳು ಪಸೆ ಒಡೆಯುತ್ತದೆ, ಕಣ್ಣು ಉರಿಯುತ್ತದೆ, ಆ ಉರಿಗೆ ನೀರು ಸುರಿಯುತ್ತದೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಮಾಮೂಲಿ ಹನಿ, ದಿನಕ್ಕೆ ನಾಲ್ಕು ಸಲ. ಎರಡು ವಾರದಲ್ಲಿ ಟವೆಲ್ ಹೆಗಲಿಂದ ಇಳಿಯಿತು. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಇನ್ನೊಂದು, ಕನ್ನಡಕ. ಪೇಪರ್ ಓದುವಾಗ ಒಂದು ಸಾಲು ಎರಡಾಗುತ್ತದೆ ಅನ್ನುತ್ತಿದ್ದರು. ಒಂದು ಕಣ್ಣು ಮುಚ್ಚಿದರೆ ಸರಿ. ಹತ್ತಿರದ್ದನ್ನು ನೋಡಲು ಎರಡು ಕಣ್ಣೂ ಒಳಕ್ಕೆ ಸೇರಬೇಕು, ಅದು ಇವರಿಗೆ ಕಷ್ಟ. ಓದಲು ಬೇರೆ ಕನ್ನಡಕ, ಅದರಲ್ಲಿ ಪ್ರಿಸಂ, ಅಂದರೆ ಬೆಳಕನ್ನು ಬಾಗಿಸುವ ಗಾಜು. ನಡೆಯಲು ಬೇರೆ, ಬೈಫೋಕಲ್ ಅಲ್ಲದ್ದು. ಬೈಫೋಕಲ್‌ನ ಕೆಳಗಿನ ಗಾಜಿನಲ್ಲಿ ಮೆಟ್ಟಿಲು ಮಸುಕಾಗಿ ಕಾಣುತ್ತಿತ್ತು. ಇವರು ಕಾಲು ನೋಡಿಕೊಂಡೇ ನಡೆಯುವವರು. ಜೊತೆಗೆ ನಡುಕಕ್ಕೆ ಕೊಟ್ಟಿದ್ದ ಟ್ರೈಹೆಕ್ಸಿಫೆನಿಡಿಲ್ ಕೂಡ ಹತ್ತಿರದ ನೋಟ ಮಸುಕು ಮಾಡುತ್ತದೆ ಅಂತ ಗೊತ್ತಾಯಿತು. ಕೆಲವರಿಗೆ ಕಣ್ಣಿನ ಒತ್ತಡವನ್ನೂ ಏರಿಸುತ್ತದಂತೆ. ಡಾಕ್ಟರು ಅದನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಮೆಲಟೋನಿನ್‌ಗೆ ಹೆದರಿದ ನಾನು, ಐದು ವರ್ಷ ಕೊಟ್ಟ ಈ ಮಾತ್ರೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಮತ್ತೆ ಮನೆಯ ಬೆಳಕು. ಸ್ಟೀಲ್ ತಟ್ಟೆಯಲ್ಲಿ ಬೆಳ್ತಿಗೆ ಅನ್ನ, ಮೇಲೆ ಮಜ್ಜಿಗೆ ಹಾಕಿದರೆ ಇವರಿಗೆ ಎಲ್ಲಿ ಅನ್ನ ಎಲ್ಲಿ ತಟ್ಟೆ ಅಂತ ಗೊತ್ತಾಗುತ್ತಿರಲಿಲ್ಲ. ಕಡಿಮೆ ಊಟ ಮಾಡುತ್ತಾರೆ ಅಂತ ನಾನು ಬೇಜಾರು ಮಾಡಿಕೊಳ್ಳುತ್ತಿದ್ದೆ. ಬಾಳೆಲೆಯಲ್ಲಿ ಬಡಿಸಿದ ದಿನ ಪೂರ್ತಿ ಉಂಡರು. ಹಸಿರಿನ ಮೇಲೆ ಬಿಳಿ ಕಾಣುತ್ತದೆ! ತೋಟದ ಬಾಳೆ, ಖರ್ಚಿಲ್ಲ. ಅಂಗಳಕ್ಕೆ ಇಳಿಯುವ ಮೆಟ್ಟಿಲಿನ ಅಂಚಿಗೆ ಹಳದಿ ಪೈಂಟ್ ಬಳಿದೆವು.

ರಾತ್ರಿಯ ಬೆಳಕು ಸ್ವಲ್ಪ ತಲೆನೋವು. ಮಧ್ಯರಾತ್ರಿ ಬಚ್ಚಲಿಗೆ ಹೋಗಲು ಬೆಳಕು ಬೇಕು, ಇಲ್ಲದಿದ್ದರೆ ಬೀಳುತ್ತಾರೆ. ಅರೆಬೆಳಕಿನಲ್ಲಿ ನೇತಾಡುವ ಬಟ್ಟೆ ಇವರಿಗೆ ನಿಂತ ಮನುಷ್ಯನ ಹಾಗೆ ಕಾಣುತ್ತದೆ, ಹೆದರುತ್ತಾರೆ. ಆದರೆ ಬಿಳಿ ಎಲ್‌ಇಡಿ ಹಾಕಿದರೆ ಮೆಲಟೋನಿನ್ ಕೆಲಸ ಕೆಡುತ್ತದೆ. ಕಣ್ಣಿನ ಪರದೆಯಲ್ಲಿ ನೋಡಲು ಅಲ್ಲ, ಹಗಲು ರಾತ್ರಿ ತಿಳಿಯಲು ಅಂತಲೇ ಬೇರೆ ಜೀವಕೋಶಗಳಿವೆ. ಅವಕ್ಕೆ ನೀಲಿ ಛಾಯೆಯ ಬೆಳಕು ಕಂಡರೆ ಬೆಳಗಾಯಿತು ಅಂತ ಲೆಕ್ಕ. ಹಾಗಾಗಿ ಬಿಳಿ ದೀಪ ತೆಗೆದು, ಬಚ್ಚಲ ದಾರಿಯಲ್ಲಿ ನೆಲದಿಂದ ಒಂದು ಅಡಿ ಎತ್ತರಕ್ಕೆ ಕೆಂಪು ಝೀರೋ ಬಲ್ಬ್ ಹಾಕಿಸಿದೆ. ಗೂಟದ ಬಟ್ಟೆಗಳನ್ನೆಲ್ಲ ಕಪಾಟಿಗೆ ಹಾಕಿದೆ. ಒಂಬತ್ತಕ್ಕೆ ಮಾತ್ರೆ, ಆಮೇಲೆ ಟೀವಿ ಇಲ್ಲ, ಮೊಬೈಲ್ ಇಲ್ಲ. ಬೆಳಿಗ್ಗೆ ಏಳರಿಂದ ಎಂಟು ಜಗಲಿಯಲ್ಲಿ ಬೆಳಕಿಗೆ ಮುಖ ಮಾಡಿ ಕೂರುತ್ತಾರೆ. ಹಗಲಿನ ತೂಕಡಿಕೆ ಇದರಿಂದ ಕಡಿಮೆಯಾಗಿದೆ. ಅಮೆರಿಕದಲ್ಲಿ ಪಾರ್ಕಿನ್ಸನ್ ಇರುವವರಿಗೆ ಪ್ರಖರ ಬೆಳಕು ಕೊಟ್ಟು 2017 ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಇದೇ ಕಂಡಿತ್ತು ಅಂತ ಮಗಳು ಹೇಳಿದಳು. ಅವರು ಯಂತ್ರದ ದೀಪ ಇಟ್ಟರು, ನಮಗೆ ಜಗಲಿಯೇ ಸಾಕು.

ಅಡಿಕೆ ಹೆಕ್ಕುವುದನ್ನೂ ಜಗಲಿಗೇ ತಂದಿದ್ದೇವೆ. ಕರಿ ಬಣ್ಣದ ಹಳೆಯ ಕಂಬಳಿ ಹಾಸಿ ಅದರ ಮೇಲೆ ಅಡಿಕೆ ಹರವುತ್ತೇನೆ. ಒಳ್ಳೆಯ ಅಡಿಕೆ ಬೆಳ್ಳಗೆ ಎದ್ದು ಕಾಣುತ್ತದೆ. ಅದನ್ನು ಇವರು ಹೆಕ್ಕುತ್ತಾರೆ, ಉಳಿದದ್ದನ್ನು ನಾನು ನೋಡುತ್ತೇನೆ. ಬೆಳಿಗ್ಗೆ ಹತ್ತರೊಳಗೆ ಅರ್ಧ ಗೋಣಿ ಆಗುತ್ತದೆ. ಕಳೆದ ತಿಂಗಳು ಕೊಟ್ಟ ಅಡಿಕೆಗೆ ಅಂಗಡಿಯವರು ಏನೂ ಹೇಳಲಿಲ್ಲ.

ಮುಂದಿನ ಕಣ್ಣಿನ ಪರೀಕ್ಷೆ ಎರಡು ತಿಂಗಳಿಗೆ. ಸ್ಟ್ರಿಪ್‌ನಲ್ಲಿ ಇನ್ನು ನಾಲ್ಕು ಮಾತ್ರೆ ಉಂಟು, ಅಂದರೆ ಎರಡು ರಾತ್ರಿಗೆ. ನಾಳೆ ಕುಂಬಳೆಗೆ ಹೋಗುವಾಗ ತರಬೇಕು, ಕನ್ನಡಕ ಮರೆಯದೆ.